ಡಿಸ್ಚಾರ್ಜ್ ಆಗುವ ಮುನ್ನ ಸಿಸ್ಟರ್ ಬಳಿ ಇಷ್ಟು ಕಲಿತುಕೊಳ್ಳಿ

ನಂದಗುಡಿ ಕಡೆಯ ಹಳ್ಳಿಗಳಿಂದ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬೇಕೆಂದರೆ ಹೊಸಕೋಟೆ ಮುಗಿಸಿ, ಕೆ.ಆರ್. ಪುರ, ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಊರಿನ ಆ ಬದಿಯ ಬನ್ನೇರುಘಟ್ಟ ರಸ್ತೆ ಸೇರಬೇಕು. ಎದೆರೋಗಗಳ ರಾಜೀವ್ ಗಾಂಧಿ ಸಂಸ್ಥೆ ಇರುವುದೂ ಅತ್ತಲೇ, ನಿಮ್ಹಾನ್ಸ್ ಬಳಿ. ಅಷ್ಟು ದೂರ ಪದೇ ಪದೇ ಓಡಲಾಗದು. ಹೃದಯ ದುರ್ಬಲವಾಗಿ, ಜತೆಗೆ ದಮ್ಮಿನ ಕಾಯಿಲೆಯೂ ಇರುವವರು ಮನೆಗೆ ಬಂದ ಮೇಲೆ ಅವರ ನರ್ಸ್ ಸೊಸೆಯೋ ಮಗನೋ ಆಗಿರುತ್ತಾರೆ. ಆದ್ದರಿಂದ ಬಿಲ್ ಕಟ್ಟುವ ಗಡಿಬಿಡಿಗೆ ಮೊದಲೇ ವಾರ್ಡಿನ ಸಿಸ್ಟರ್ ಬಳಿ ಕೆಲವು ಕೆಲಸ ಕಲಿಯಿರಿ. ಅವರೆದುರೇ ಒಮ್ಮೆ ಮಾಡಿ ತೋರಿಸಿ. ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷಿನಲ್ಲಿದ್ದರೆ, ಮಾತ್ರೆಯ ಹೊತ್ತು ಮತ್ತು ಯಾವಾಗ ವಾಪಸ್ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಮೊದಲು ಉಸಿರು ಎಣಿಸಿ

ಈ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದು, ದುಡ್ಡೂ ಬೇಡ. ರೋಗಿ ಸುಮ್ಮನೆ ಕೂತಿರುವಾಗ ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಳ್ಳಿ. ಉಸಿರು ಎಣಿಸುತ್ತೇನೆ ಎಂದು ಹೇಳಬೇಡಿ, ಹೇಳಿದರೆ ಉಸಿರಾಟವೇ ಬದಲಾಗುತ್ತದೆ. ಎದೆಯೋ ಹೊಟ್ಟೆಯೋ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ದಿನಾ 20 ಇದ್ದವರಿಗೆ ಇವತ್ತು 25 ದಾಟಿದ್ದರೆ, ಬೆರಳಿಗೆ ಹಾಕುವ ಮೆಷಿನ್ (ಆಕ್ಸಿಮೀಟರ್) ಏನೇ ತೋರಿಸಲಿ, ಡಾಕ್ಟರಿಗೆ ಫೋನ್ ಮಾಡಿ. ಆಕ್ಸಿಮೀಟರ್‌ಗಿಂತ ಈ ಎಣಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ: ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆ ಮೆಷಿನ್ ತಪ್ಪು ತೋರಿಸುತ್ತದೆ.

ಬೆಳಗಿನ ತೂಕ

ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ, ದಿನವೂ ಹಗುರ ಬಟ್ಟೆಯಲ್ಲೇ ತೂಕ ನೋಡಿ. ಯಂತ್ರ ಚಾಪೆಯ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ತೂಕ, ಉಸಿರಿನ ಲೆಕ್ಕ ಎರಡನ್ನೂ ಬರೆಯಿರಿ. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚಿದರೆ ಅದು ದಪ್ಪಗಾದದ್ದಲ್ಲ, ಒಳಗೆ ನೀರು ನಿಂತದ್ದು. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ನಿಂತರೆ ಊತವಿದೆ ಎಂದರ್ಥ.

ನೀರಿನ ಮಿತಿ ಹೇಳಿದ್ದರೆ, ಬೆಳಿಗ್ಗೆಯೇ ಅಷ್ಟು ನೀರನ್ನು ಬಾಟಲಿಗೆ ತುಂಬಿಡಿ. ಕಾಫಿ, ಮಜ್ಜಿಗೆ, ಅಂಬಲಿ ಕುಡಿದಾಗಲೆಲ್ಲ ಅದರಿಂದ ಅಷ್ಟೇ ನೀರು ತೆಗೆದುಬಿಡಿ. ತೊಂದರೆ ರಾಗಿಮುದ್ದೆಯಿಂದಲ್ಲ, ಜತೆಗಿನ ಸಾರು, ಉಪ್ಪಿನಕಾಯಿ, ಹಪ್ಪಳದ ಉಪ್ಪಿನಿಂದ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಎಳನೀರು ಒಳ್ಳೆಯದಲ್ಲವೇ ಎಂದು ನೆಂಟರು ಹೊತ್ತು ತರುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು. ಹೃದಯದ ಕೆಲವು ಮಾತ್ರೆಗಳ ಜತೆ ಅಪಾಯ. ಕೇಳಿಯೇ ಕೊಡಿ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ನೀವಾಗಿಯೇ ಡೈಕ್ಲೋಫೆನಾಕ್ ಕೊಳ್ಳಲೇಬೇಡಿ, ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ.

ಆಕ್ಸಿಜನ್ ಇದ್ದರೆ

ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬುದು ತಪ್ಪು. ಸಿಒಪಿಡಿ (ದೀರ್ಘಕಾಲದ ದಮ್ಮಿನ ಕಾಯಿಲೆ) ಇರುವವರಿಗೆ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ ಮಟ್ಟ ಸಾಮಾನ್ಯವಾಗಿ ಶೇ. 88ರಿಂದ 92ರಷ್ಟಿದ್ದರೆ ಸಾಕು. ಅವರಿಗೆ ಅತಿಯಾದ ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಡಾಕ್ಟರು ಹೇಳಿದ ಅಳತೆಗಿಂತ ಹೆಚ್ಚಿಗೆ ಗುಂಡಿ ತಿರುಗಿಸಬೇಡಿ. ಆಕ್ಸಿಜನ್ ಕಾನ್ಸಂಟ್ರೇಟರ್ ಕರೆಂಟಿನಲ್ಲಿ ನಡೆಯುವಂಥದ್ದು, ಕರೆಂಟ್ ಹೋದಾಗ ಬೇಕಾಗುತ್ತದೆಂದು ಸಿಲಿಂಡರ್ ಇರಲಿ. ಬೀಡಿ, ಒಲೆ, ದೇವರ ದೀಪ ಆ ಕೋಣೆಯಲ್ಲಿ ಬೇಡ. ಮೂಗು ಒಣಗಿತೆಂದು ವ್ಯಾಸಲಿನ್ ಹಚ್ಚಬೇಡಿ.

ರೇಷ್ಮೆ ಸಾಕುವ ಮನೆಗಳಿಗೆ ಇನ್ನೊಂದು ಮಾತು. ಹುಳದ ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವ ದಿನ ರೋಗಿಯನ್ನು ಬೇರೆಯವರ ಮನೆಗೆ ಕಳಿಸಿ. ಆ ಘಾಟು ದಮ್ಮಿನವರಿಗೆ ಆಗುವುದಿಲ್ಲ. ಸೌದೆ ಒಲೆಯ ಹೊಗೆಯೂ ಅಷ್ಟೇ.

ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಸಿ. ಮೈಯ ನೀರು ಇಳಿಸುವ ಮಾತ್ರೆಯನ್ನು ಬೆಳಿಗ್ಗೆ ಕೊಟ್ಟರೆ ರಾತ್ರಿ ಪದೇ ಪದೇ ಏಳುವುದು ತಪ್ಪುತ್ತದೆ.

ರಾತ್ರಿ ಉಸಿರು ಕಟ್ಟಿದರೆ

ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಮಂಚದ ಅಂಚಿಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ತುಟಿ ನೀಲಿಗಟ್ಟಿದ್ದರೆ, ಮಾತು ಅರ್ಧಕ್ಕೇ ನಿಲ್ಲುತ್ತಿದ್ದರೆ, ಮಂಪರಿದ್ದರೆ, ಎದೆನೋವಿನ ಜತೆ ಬೆವರಿದ್ದರೆ 108ಕ್ಕೆ ಕರೆ ಮಾಡಿ. ಎದೆನೋವಾದರೆ ನೇರ ಬೆಂಗಳೂರಿಗೇ ಹೊರಡುವ ಹಟ ಬೇಡ, ಮೊದಲು ಹೊಸಕೋಟೆಯಲ್ಲಿ ಇಸಿಜಿ ಆಗಲಿ. 2023ರಲ್ಲಿ ಸರ್ಕಾರ ಪ್ರಕಟಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು: ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡುವುದು.

ಹೊರಡುವಾಗ ಮಾತ್ರೆ ಚೀಲ, ಡಿಸ್ಚಾರ್ಜ್ ಕಾರ್ಡಿನ ಜತೆ ಗೋಡೆಯ ಆ ಕ್ಯಾಲೆಂಡರನ್ನೂ ತೆಗೆದುಕೊಂಡು ಹೋಗಿ. ಡ್ಯೂಟಿ ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಿಗೆ ಅದರಲ್ಲೇ ಉತ್ತರವಿರುತ್ತದೆ.