ರಾಜಕೀಯಾಸಕ್ತಿ: ಗೂಡಲೂರಿನ ಪಾಠ

ಜನರು ರಾಜಕೀಯದತ್ತ ಒಲಿಯುವುದು ಭಾಷಣಗಳಿಂದ ಎಂದು ನಾವು ಭಾವಿಸುವುದುಂಟು. ನಮ್ಮ ನೀಲಗಿರಿ ಜಿಲ್ಲೆಯ ಗೂಡಲೂರು ಬೇರೊಂದು ಪಾಠವನ್ನು ಕಲಿಸುತ್ತದೆ.

ಅಲ್ಲಿಯ ಭೂಮಿಯ ಬಹುಭಾಗವು ಹಿಂದೆ ನಿಲಂಬೂರು ಕೋವಿಲಕದ ಜನ್ಮಿ ಒಡೆತನದಲ್ಲಿದ್ದಿತು. ಆ ಪದ್ಧತಿಯನ್ನು ರದ್ದುಪಡಿಸುವ ಶಾಸನವು 1969ರಲ್ಲಿ ರಚಿತವಾಗಿ 1974ರಲ್ಲಿ ಜಾರಿಗೆ ಬಂದಿತು. ಉಳುವ ನೆಲಕ್ಕೆ ಪಟ್ಟಾ ದೊರೆಯುವುದೇ ಎಂಬ ಪ್ರಶ್ನೆಯೇ ಸಾಮಾನ್ಯ ರೈತನನ್ನು ರಾಜಕೀಯಕ್ಕೆ ಎಳೆತಂದಿತು. ಆದರೆ ವ್ಯಾಜ್ಯಗಳು ದಶಕಗಳವರೆಗೆ ಬೆಳೆದವು. ಕೋವಿಲಕದವರೇ ಆದ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡರು ಗೂಡಲೂರಿನ ಕಾಡುನಾಶವನ್ನು ಕುರಿತು 1995ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1996ರ ಆಜ್ಞೆಯು ಇಡೀ ದೇಶದ ಅರಣ್ಯಾಡಳಿತವನ್ನೇ ಮಾರ್ಪಡಿಸಿತು. ಕಾಡು ಉಳಿಯಲು ಅದು ಅವಶ್ಯಕವಾಗಿದ್ದಿತು. ಆದರೂ ತೀರ್ಮಾನವು ಊರಿನಿಂದ ದೂರ ಸರಿದಂತೆಲ್ಲ, ತಮ್ಮ ಮಾತಿಗೆ ಬೆಲೆಯಿಲ್ಲವೆಂಬ ನಿರಾಶೆ ಜನರಲ್ಲಿ ಹುಟ್ಟುವುದು ಸಹಜ. ರಾಜಕೀಯ ವೈಮುಖ್ಯವು ಆಲಸ್ಯವಲ್ಲ, ಉತ್ತರ ದೊರೆಯದ ಪ್ರಶ್ನೆಯ ಫಲ.

2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ನಿವಾಸಿಗಳ ಹಕ್ಕುನಿರ್ಣಯದ ಮೊದಲ ಹೆಜ್ಜೆಯನ್ನು ಗ್ರಾಮಸಭೆಗೆ ಒಪ್ಪಿಸಿದೆ. ಅಲ್ಲಿ ವಯಸ್ಕರೆಲ್ಲರೂ ಸದಸ್ಯರು. ಆದರೆ ಕಚೇರಿಯ ಕಾಗದಪತ್ರಗಳು ತಮಿಳಿನಲ್ಲಿರುತ್ತವೆ. ಕನ್ನಡ ಮನೆಮಾತಿನ ಹಿರಿಯರಿಗೆ ಅವುಗಳನ್ನು ಓದಿ ತಿಳಿಸುವುದು, ಎರಡೂ ನುಡಿಗಳನ್ನು ಬಲ್ಲ ವಿದ್ಯಾರ್ಥಿಗಳಿಗೆ ಇಂದೇ ಸಾಧ್ಯವಾದ ರಾಜಕೀಯ ಸೇವೆಯೆಂದು ನಾವು ತಿಳಿಯುತ್ತೇವೆ.