ಹತ್ತು ದಿನ

ಇದು ಒಬ್ಬ ತಾಯಿಯ ಪಾಠ. ಅವಳನ್ನು ಗಿರಿಜ ಎಂದು ಕರೆಯೋಣ. ಇಂಥ ತಾಯಂದಿರು ಎಷ್ಟೋ ಊರುಗಳಲ್ಲಿದ್ದಾರೆ. ನಿಮ್ಮ ಬೀದಿಯಲ್ಲೂ ಇರಬಹುದು.

ಗಿರಿಜಳ ಊರು ತಿಪಟೂರಿನ ಹತ್ತಿರ. ಅವಳ ವಯಸ್ಸು 32. ಮಗಳು ಪುಟ್ಟಿಗೆ 8 ವರ್ಷ. ಮಗನಿಗೆ 4. ಗಂಡ ತೆಂಗಿನ ತೋಟದಲ್ಲಿ ಕೆಲಸ ಮಾಡುತ್ತಾನೆ. ಮನೆಯಲ್ಲಿ ಅತ್ತೆ ಇದ್ದಾರೆ.

ಎರಡು ವರ್ಷದ ಹಿಂದೆ ಗಿರಿಜಳ ಎಡ ಮೊಲೆಯಲ್ಲಿ ಒಂದು ಗಂಟು ಬಂತು. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ಅವಳು ನಾಲ್ಕು ತಿಂಗಳು ಸುಮ್ಮನಿದ್ದಳು. ಹಾಗೆ ಸುಮ್ಮನಿರಬಾರದಿತ್ತು. ಮೊಲೆ ಕ್ಯಾನ್ಸರ್ ಗಂಟು ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದಳು. ಆಪರೇಷನ್ ಆಯಿತು. ಔಷಧಿಯ ಡ್ರಿಪ್ ಆಯಿತು. ಕರೆಂಟು ಕೊಡುವುದು ಎಂದು ಜನ ಹೇಳುತ್ತಾರಲ್ಲ, ಆ ವಿಕಿರಣ ಚಿಕಿತ್ಸೆಯೂ ಆಯಿತು. ತಲೆಗೂದಲೆಲ್ಲ ಉದುರಿತು. ಮತ್ತೆ ಬಂತು.

ಊರಿನವರು "ವಾಸಿಯಾಯ್ತಲ್ಲ, ಇನ್ನೇನು?" ಎಂದರು. ಆದರೆ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೂ ತಪಾಸಣೆ ಮುಗಿಯುವುದಿಲ್ಲ. ಮೊದಲ ಮೂರು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಆಮೇಲೆ ಅಂತರ ಹೆಚ್ಚುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಮೊಲೆಯ ಎಕ್ಸ್‌ರೇ ತೆಗೆಯುತ್ತಾರೆ. ಅದರ ಹೆಸರು ಮ್ಯಾಮೊಗ್ರಾಮ್.

ಈ ಸಲ ತಪಾಸಣೆಗೆ ಹೋದಾಗ ಡಾಕ್ಟರಮ್ಮನ ಕೈ ಒಂದು ಕಡೆ ನಿಂತಿತು. ಹಳೆಯ ಗಾಯದ ಪಕ್ಕದಲ್ಲಿ ಒಂದು ಚಿಕ್ಕ ಗಂಟು. ಕಡಲೆಕಾಳಿನಷ್ಟು.

"ಇದು ಯಾವಾಗಿಂದ ಇದೆ?"

"ಗೊತ್ತಿಲ್ಲ ಮೇಡಂ."

ಜಾಗ ಮರಗಟ್ಟಿಸಿ, ದಪ್ಪ ಸೂಜಿಯಿಂದ ಒಂದು ಚೂರು ತೆಗೆದರು. "ಹತ್ತು ದಿನ ಬಿಟ್ಟು ಬಾಮ್ಮ, ರಿಪೋರ್ಟ್ ಬಂದಿರುತ್ತೆ" ಎಂದರು.

ಹತ್ತು ದಿನ! ಗಿರಿಜಳ ಕಾಲು ಸೋತುಹೋಯಿತು.

ಮನೆಗೆ ಬಂದಾಗ ಅತ್ತೆ ಕೇಳಿದರು, "ಅಷ್ಟು ದಿನ ಯಾಕಂತೆ? ಏನೋ ಕೆಟ್ಟದಿರಬೇಕು. ಅದಕ್ಕೇ ಹೇಳ್ತಿಲ್ಲ."

ನಮ್ಮಲ್ಲಿ ಬಹಳ ಜನ ಹೀಗೇ ತಿಳಿಯುತ್ತಾರೆ. ಅದು ಸರಿಯಲ್ಲ. ತಡವಾದರೆ ಕೆಟ್ಟದ್ದು ಎಂದಲ್ಲ. ಬೇಗ ಬಂದರೆ ಒಳ್ಳೆಯದು ಎಂದೂ ಅಲ್ಲ. ಆ ಚೂರಿಗೆ ಅಲ್ಲಿ ಏನೇನು ಮಾಡುತ್ತಾರೆ, ನೋಡೋಣ.

ಮೊದಲು ಚೂರು ಕೆಡದ ಹಾಗೆ ಫಾರ್ಮಲಿನ್ ಎಂಬ ದ್ರವದಲ್ಲಿ ಇಡುತ್ತಾರೆ. ಆಮೇಲೆ ಅದರ ನೀರಿನ ಅಂಶ ತೆಗೆಯುತ್ತಾರೆ. ಮೇಣದಲ್ಲಿ ಹುದುಗಿಸಿ ಗಟ್ಟಿ ಮಾಡುತ್ತಾರೆ. ಆ ಮೇಣವನ್ನು ಯಂತ್ರದಿಂದ ಹೆರೆಯುತ್ತಾರೆ. ಎಷ್ಟು ತೆಳ್ಳಗೆ ಗೊತ್ತೇ? ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗೆ. ಆ ಪೊರೆಯನ್ನು ಗಾಜಿನ ಮೇಲೆ ಹರಡಿ, ನೀಲಿ ಮತ್ತು ಗುಲಾಬಿ ಬಣ್ಣ ಕಟ್ಟುತ್ತಾರೆ. ಬಣ್ಣ ಹಿಡಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಕಾಣುತ್ತವೆ. ಅದಕ್ಕೆಂದೇ ಓದಿದ ವೈದ್ಯರು ಅದನ್ನು ನೋಡುತ್ತಾರೆ. ಅನುಮಾನ ಬಂದರೆ ಬೇರೆ ಬಣ್ಣ ಹಾಕಿ ಮತ್ತೆ ನೋಡುತ್ತಾರೆ. ಆಗ ಇನ್ನೂ ದಿನ ಹಿಡಿಯುತ್ತದೆ. ಗಿರಿಜಳ ಚೂರು ಒಂದೇ ಅಲ್ಲ, ಸಾಲಿನಲ್ಲಿ ಎಷ್ಟೋ ಜನರ ಚೂರುಗಳಿರುತ್ತವೆ.

ಇದನ್ನು ಊರಿನ ಆಶಾ ಅಕ್ಕ ಬಿಡಿಸಿ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಅವರ ಮನೆಯ ಅಟ್ಟದ ಮೇಲೆ ತೆಂಗಿನಕಾಯಿ ತುಂಬಿತ್ತು. ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅತ್ತೆ ಎಂದರು, "ಕಾಯಿ ಅಲ್ಲಾಡಿಸಿದರೆ ಕೊಬ್ಬರಿ ಬಿಟ್ಟಿದ್ದು ಸದ್ದಲ್ಲೇ ಗೊತ್ತಾಗುತ್ತೆ. ಮೈಯೊಳಗಿನ ಗಂಟು ಸದ್ದು ಮಾಡಲ್ಲ, ಏನು ಮಾಡೋದು?" ಆಮೇಲೆ ಅವರು ಆ ಮಾತು ತೆಗೆಯಲಿಲ್ಲ.

ಗಿರಿಜ ಕ್ಯಾಲೆಂಡರಿನಲ್ಲಿ ಹೋಗಬೇಕಾದ ದಿನಕ್ಕೆ ಸುತ್ತು ಹಾಕಿದಳು. ಅಂಕಿ ಕಲಿತಿದ್ದು ರಾತ್ರಿ ಶಾಲೆಯಲ್ಲಿ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಕಷ್ಟ. ಕೈ ತಾನಾಗಿ ಗಂಟಿನ ಮೇಲೆ ಹೋಗುತ್ತಿತ್ತು. ನಿನ್ನೆಗಿಂತ ದೊಡ್ಡದಾಯಿತೇ? ಹೀಗೆ ಗಳಿಗೆಗೊಮ್ಮೆ ಒತ್ತಿ ನೋಡಿದರೆ ಆ ಜಾಗ ನೋಯುತ್ತದೆ, ಬಾವು ಬಂದಂತೆ ಅನ್ನಿಸುತ್ತದೆ. ಭಯ ಇನ್ನೂ ಹೆಚ್ಚುತ್ತದೆ. ಮುಟ್ಟದಿರುವುದು ಮೇಲು.

ಅವಳು ಇನ್ನೊಂದು ಕೆಲಸ ಮಾಡಿದಳು. ಪುಟ್ಟಿಗೆ ಜಡೆ ಹಾಕಿಕೊಳ್ಳುವುದು ಕಲಿಸತೊಡಗಿದಳು. "ಮೂರು ಕಾಲು ಮಾಡು. ಇದರ ಮೇಲೆ ಇದು. ಬಿಗಿ ಹಿಡಿ." ಯಾಕೆಂದು ಯಾರಿಗೂ ಹೇಳಲಿಲ್ಲ. ಗಂಡ ನೋಡಿದ. ಅವನಿಗೆ ಅರ್ಥವಾಯಿತು. ಎದ್ದು ಹೊರಗೆ ಹೋದ.

ಮಕ್ಕಳಿಗೆ ಹೇಳಿರಲಿಲ್ಲ. ಪುಟ್ಟಿಗೆ ಮೂರು ದಿನದಿಂದ ಹೊಟ್ಟೆನೋವು. ಸ್ಕೂಲಿಗೆ ಹೋಗಲ್ಲ ಎಂದು ಹಟ. ಮಗ ತಾಯಿಯ ತಲೆ ಸವರಿ ಕೇಳಿದ, "ಅಮ್ಮಾ, ಮತ್ತೆ ಕೂದಲು ಹೋಗುತ್ತಾ?"

ಮಕ್ಕಳಿಗೆ ತಿಳಿಯುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಅವಕ್ಕೆ ಮುಖ ನೋಡಿದರೆ ಸಾಕು.

ಆ ರಾತ್ರಿ ಗಿರಿಜ ಇಬ್ಬರನ್ನೂ ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿದಳು. "ಅಮ್ಮನಿಗೆ ಒಂದು ಚಿಕ್ಕ ಗಂಟು ಬಂದಿದೆ. ಅದೇನು ಅಂತ ಡಾಕ್ಟರು ನೋಡ್ತಿದ್ದಾರೆ. ಸೋಮವಾರ ಹೇಳ್ತಾರೆ. ಅವರು ಏನು ಹೇಳಿದರೂ ನಿಮಗೂ ಹೇಳ್ತೀನಿ."

ಪುಟ್ಟಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನಾನು ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ದಕ್ಕೆ ಬಂತಾ?"

"ಇಲ್ಲ ಮಗಾ. ಯಾರ ಕೋಪಕ್ಕೂ ಬರಲ್ಲ."

"ನಿನ್ನ ಪಕ್ಕ ಮಲಗಿದರೆ ನಮಗೆ ಬರುತ್ತಾ?"

"ಬರಲ್ಲ. ಇದು ಅಂಟುರೋಗ ಅಲ್ಲ. ಬಾ, ಇನ್ನೂ ಹತ್ತಿರ ಬಾ."

ಮಾರನೆಯ ದಿನ ಪುಟ್ಟಿ ಸ್ಕೂಲಿಗೆ ಹೋದಳು. ಹೊಟ್ಟೆನೋವು ಎಲ್ಲಿ ಹೋಯಿತೋ!

ಸೋಮವಾರ ಗಂಡ ಹೆಂಡತಿ ಬೆಳಗಿನ ಬಸ್ಸು ಹತ್ತಿದರು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಗಂಡನಿಗೆ ಮಾತ್ರ ಟಿಕೆಟ್. ರೈಲಿಗೆ ಹೋಗುವವರಿಗೂ ಅನುಕೂಲವಿದೆ. ಕ್ಯಾನ್ಸರ್ ರೋಗಿಗೆ ಮತ್ತು ಜೊತೆಯ ಒಬ್ಬರಿಗೆ ರಿಯಾಯಿತಿ ಕೊಡುತ್ತಾರೆ. ತಪಾಸಣೆಗೆ ಹೋಗುವಾಗಲೂ ಅದು ಸಿಗುತ್ತದೆ. ಅದಕ್ಕೆ ಆಸ್ಪತ್ರೆಯ ವೈದ್ಯರಿಂದ ಪತ್ರ ಬರೆಸಿಕೊಳ್ಳಬೇಕು. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ರಿಪೋರ್ಟು, ಆಸ್ಪತ್ರೆಯ ಫೈಲು ಎಲ್ಲವನ್ನೂ ಗಿರಿಜ ಒಂದೇ ಚೀಲದಲ್ಲಿ ಇಟ್ಟಿರುತ್ತಾಳೆ.

ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಕೆಲವು ಮಾತುಗಳನ್ನು ತಿಳಿದಿರಬೇಕು. 'ನೆಗೆಟಿವ್' ಎಂದರೆ ಕೆಟ್ಟದ್ದು ಎಂದುಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೆ ಅಳುವವರಿದ್ದಾರೆ. ಕ್ಯಾನ್ಸರ್ ಇದೆಯೇ ಎಂದು ನೋಡಿದಾಗ ನೆಗೆಟಿವ್ ಎಂದರೆ ಕಾಣಲಿಲ್ಲ ಎಂದು. 'ಬಿನೈನ್' ಎಂದರೆ ಕ್ಯಾನ್ಸರ್ ಅಲ್ಲದ ಗಂಟು. 'ಮ್ಯಾಲಿಗ್ನೆಂಟ್' ಎಂದರೆ ಕ್ಯಾನ್ಸರ್ ಗಂಟು. ಆದರೂ ನೀವೇ ತೀರ್ಮಾನ ಮಾಡಬೇಡಿ. ವೈದ್ಯರನ್ನು ಕೇಳಿ. ಅರ್ಥವಾಗದಿದ್ದರೆ, "ಇನ್ನೊಂದು ಸಲ ಹೇಳಿ" ಎನ್ನಿ. ಕೇಳುವುದಕ್ಕೆ ನಾಚಿಕೆ ಏಕೆ?

ಡಾಕ್ಟರಮ್ಮ ಕಾಗದ ಓದಿ ತಲೆ ಎತ್ತಿದರು. "ಕ್ಯಾನ್ಸರ್ ಅಲ್ಲಮ್ಮ. ಆಪರೇಷನ್, ವಿಕಿರಣ ಆದ ಜಾಗದಲ್ಲಿ ಕೊಬ್ಬು ಸತ್ತು ಹೀಗೆ ಗಟ್ಟಿಯಾಗುವುದುಂಟು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಗಿರಿಜಳಿಗೆ ಮಾತು ಬರಲಿಲ್ಲ. ಗಂಡ, "ಇನ್ನೊಂದು ಸಲ ಹೇಳಿ ಮೇಡಂ" ಎಂದ.

ಎಲ್ಲರಿಗೂ ಇದೇ ಉತ್ತರ ಬರುವುದಿಲ್ಲ. ಅದೇ ದಿನ, ಅದೇ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬಳಿಗೆ ಮತ್ತೆ ಚಿಕಿತ್ಸೆ ಶುರು ಮಾಡಬೇಕೆಂದರು. ಅವಳಿಗೂ ಚಿಕ್ಕ ಮಗುವಿತ್ತು. ಗಿರಿಜ ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ತನ್ನ ಸಂತೋಷವನ್ನು ಅವಳೆದುರು ತೋರಿಸಲು ಮನಸ್ಸು ಬರಲಿಲ್ಲ.

ಊರು ಸೇರಿದಾಗ ಕತ್ತಲಾಗಿತ್ತು. ಮಕ್ಕಳು ಬಾಗಿಲಲ್ಲೇ ಇದ್ದರು. ಹೇಳುತ್ತೇನೆಂದಿದ್ದಳಲ್ಲ, ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಆಮೇಲೆ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಮೂರು ತಿಂಗಳ ಮುಂದಿನ ದಿನಕ್ಕೆ ಸುತ್ತು ಹಾಕಿದಳು.

ಬೆಳಿಗ್ಗೆ ಪುಟ್ಟಿ ಬಾಚಣಿಗೆ ಹಿಡಿದು ಒಬ್ಬಳೇ ಜಡೆ ಹಾಕಿಕೊಳ್ಳುತ್ತಿದ್ದಳು. ಸೊಟ್ಟಗೆ ಬಂದಿತ್ತು.

"ಕೊಡು ಇಲ್ಲಿ, ನಾನೇ ಹಾಕ್ತೀನಿ" ಎಂದಳು ಗಿರಿಜ.