ಮನೆಯ ಹಿತ್ತಿಲಲ್ಲಿ ಎರಡು ಆಡು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಗಾದೆ ಸುಳ್ಳಲ್ಲ, ಆಡು ಎಲ್ಲ ಸೊಪ್ಪನ್ನೂ ಮುಟ್ಟಿ ನೋಡುತ್ತದೆ. ಆದರೆ ಮುಟ್ಟಿದುದನ್ನೆಲ್ಲ ತಿನ್ನುವುದಿಲ್ಲ. ತಿಂದುದೆಲ್ಲ ಅದಕ್ಕೆ ಜೀರ್ಣವಾಗುವುದೂ ಇಲ್ಲ. ಈ ಭೇದವನ್ನು ಅರಿಯದೆ ನಾವೇ ಒಂದು ತಪ್ಪನ್ನು ಮಾಡಿದೆವು. ಅದನ್ನು ಮೊದಲು ಹೇಳಿ, ಅನಂತರ ಪಾಠಕ್ಕೆ ಬರುವುದು ನ್ಯಾಯವೆಂದು ತೋರುತ್ತದೆ.

ಹಿಂದಿನ ವರ್ಷ ಓಣಂ ರಜೆಯ ಮುನ್ನಾದಿನ ಶಾಲೆಯಲ್ಲಿ ಮಕ್ಕಳಿಗೆ ಊಟದ ಏರ್ಪಾಡಾಗಿತ್ತು. ಅನ್ನ ಬಹಳ ಮಿಕ್ಕಿತು. ಅನ್ನವನ್ನು ಚೆಲ್ಲಬಾರದು, ಮನೆಯಲ್ಲಿ ಆಡು ಹಸುಗಳುಳ್ಳವರು ಒಯ್ಯಬಹುದು ಎಂದು ನಾವು ಹೇಳಿದೆವು. ಏಳನೆಯ ತರಗತಿಯ ಬಾಲಿಕೆಯೊಬ್ಬಳು ಬಕೆಟಿನ ತುಂಬ ಅನ್ನವನ್ನು ತಮ್ಮ ಗಬ್ಬದ ಆಡಿಗೆಂದು ಒಯ್ದಳು. ಆಡು ಆಸೆಯಿಂದ ತಿಂದಿತು. ಮರುದಿನ ಮೆಲುಕು ನಿಂತಿತು, ಹೊಟ್ಟೆ ಉಬ್ಬಿತು, ಭೇದಿ ಹತ್ತಿತು. ಮೂರನೆಯ ದಿನ ಸತ್ತಿತು. ಹುಟ್ಟಲಿದ್ದ ಮರಿಗಳನ್ನು ಬೆಳೆಸಿ ಮಾರಿ ಮಗಳ ಹೈಸ್ಕೂಲಿನ ಖರ್ಚನ್ನು ತೂಗಿಸಬೇಕೆಂದು ತಾಯಿ ಎಣಿಸಿದ್ದರಂತೆ. ರಜೆ ಕಳೆದು ಶಾಲೆ ತೆರೆದ ದಿನ ಬಾಲಿಕೆ ನಮ್ಮಲ್ಲಿ ಕೇಳಿದ್ದು ಒಂದೇ ಮಾತು: “ಮಾಷ್ಟ್ರೇ, ಅನ್ನ ಚೆಲ್ಲಬಾರದೆಂದು ನೀವೇ ಹೇಳಿದ್ದಲ್ಲವೆ?”

ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಮೃಗಾಸ್ಪತ್ರೆಯ ವೈದ್ಯರಿಂದ ಕೇಳಿ ತಿಳಿದುದನ್ನೂ, ಆಡು ಸಾಕುವ ಮನೆಗಳಲ್ಲಿ ಕಂಡುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ. ಈ ವಿಷಯದ ಕರಪತ್ರಗಳು ಕಾಸರಗೋಡಿನ ನಮಗೆ ದೊರೆಯುವುದು ಹೆಚ್ಚಾಗಿ ಮಲಯಾಳದಲ್ಲಿ. ಆದುದರಿಂದ ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.

ಆಡಿನ ಜಠರದಲ್ಲಿ ನಾಲ್ಕು ಭಾಗಗಳಿವೆ. ಅವುಗಳಲ್ಲಿ ಅತ್ಯಂತ ದೊಡ್ಡ ಚೀಲದಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಸೊಪ್ಪಿನ ನಾರನ್ನು ಒಡೆದು ಆಡಿಗೆ ಆಹಾರವಾಗಿಸುವವು ಇವೇ. ಆಡು ತಿಂದುದನ್ನು ಮರಳಿ ಬಾಯಿಗೆ ತಂದು ಮೆಲುಕು ಹಾಕುವಾಗ ಜೊಲ್ಲು ಧಾರಾಳವಾಗಿ ಸುರಿಯುತ್ತದೆ. ಆ ಜೊಲ್ಲಿನ ಕ್ಷಾರ ಚೀಲದೊಳಗಿನ ಹುಳಿಯನ್ನು ತಗ್ಗಿಸುತ್ತದೆ. ಅನ್ನದಲ್ಲಿ ನಾರು ತೀರ ಕಡಿಮೆ, ಆದುದರಿಂದ ಮೆಲುಕೂ ಕಡಿಮೆ, ಜೊಲ್ಲೂ ಕಡಿಮೆ. ಅದರ ಪಿಷ್ಟವು ಒಮ್ಮೆಲೇ ಬಂದು ಬಿದ್ದಾಗ ಬೇರೊಂದು ಬಗೆಯ ಜೀವಿಗಳು ಹೆಚ್ಚಿ, ಹಾಲು ಮೊಸರಾಗುವಾಗ ಹುಟ್ಟುವಂತಹ ಹುಳಿಯನ್ನೇ ಚೀಲದ ತುಂಬ ಉಂಟುಮಾಡುತ್ತವೆ. ನಾರನ್ನು ಒಡೆಯುವ ಜೀವಿಗಳು ಸಾಯುತ್ತವೆ. ಹುಳಿ ರಕ್ತಕ್ಕೂ ಸೇರುತ್ತದೆ. ಅನ್ನ, ಗಂಜಿ, ಪಾಯಸ, ಅಕ್ಕಿ, ಮಳೆಗಾಲದ ಮೊದಲಲ್ಲಿ ಮರದಡಿ ಬಿದ್ದು ಕೊಳೆಯುವ ಹಲಸಿನ ಹಣ್ಣು, ಇವೆಲ್ಲವೂ ಈ ವಿಷಯದಲ್ಲಿ ಒಂದೇ ಜಾತಿ. ಮದುವೆ ಮನೆಯ ಮರುದಿನ ಆಡುಗಳು ಕಾಯಿಲೆ ಬೀಳುವುದೇಕೆಂಬುದು ಈಗ ತಿಳಿಯಿತಲ್ಲವೆ?

ಹೀಗೇನಾದರೂ ಆದರೆ ತಿಂಡಿಯನ್ನು ನಿಲ್ಲಿಸಿ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಅಡುಗೆಯ ಸೋಡಾ ಕದಡಿದ ನೀರನ್ನು ಕುಡಿಸುವ ಪದ್ಧತಿಯುಂಟು; ಆದರೆ ಅಳತೆಯನ್ನು ವೈದ್ಯರೇ ಹೇಳಬೇಕು. ಮಲಗಿದ ಆಡಿನ ಬಾಯಿಗೆ ಬಲವಂತವಾಗಿ ಹೊಯ್ದರೆ ನೀರು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಇನ್ನೊಂದು ಅಪಾಯ ಮರಗೆಣಸಿನ ಸೊಪ್ಪಿನದು. ಅದರ ಹಸಿ ಎಲೆಯನ್ನು ಜಗಿದಾಗ ಸಯನೈಡ್ ಎಂಬ ಘೋರ ವಿಷ ಹೊರಡುತ್ತದೆ. ಹಸಿದ ಆಡು ಹಗ್ಗ ಬಿಡಿಸಿಕೊಂಡು ಗೆಣಸಿನ ಪಾತಿಗೆ ನುಗ್ಗಿದರೆ ಕೆಲವೊಮ್ಮೆ ಗಳಿಗೆಯೊಳಗೇ ಸಾಯುವುದುಂಟು. ರಬ್ಬರಿನ ಎಲೆಯಲ್ಲಿಯೂ ಇದೇ ವಿಷವಿದೆ.

ಹಾಗಾದರೆ ಕೊಡತಕ್ಕದ್ದೇನು? ನಮ್ಮ ಹಿತ್ತಿಲಿನ ಹಲಸಿನ ಸೊಪ್ಪಿಗೆ ಸಮನಾದುದಿಲ್ಲ. ದಾಸವಾಳ, ನುಗ್ಗೆ, ಬೇಲಿಯ ಗೊಬ್ಬರದ ಗಿಡಗಳನ್ನೂ ಬೆರೆಸಿ ಕೊಡಬಹುದು. ಬೆಳೆದ ಆಡೊಂದಕ್ಕೆ ದಿನಕ್ಕೆ 3ರಿಂದ 5 ಕಿಲೋ ಹಸಿರು ಬೇಕು. ಹಾಲು ಕರೆಯುವ ಆಡಿಗೆ ಹಿಂಡಿ ತೌಡುಗಳನ್ನು ಹಾಲಿನ ಪ್ರಮಾಣವನ್ನು ನೋಡಿ ಕೊಡಬೇಕು. ಹೊಸ ತಿಂಡಿ ಯಾವುದಾದರೂ ಮೊದಲು ಒಂದು ಮುಷ್ಟಿ, ಮತ್ತೆ ದಿನದಿನಕ್ಕೆ ಹೆಚ್ಚಿಸುತ್ತ ವಾರ ಎರಡು ವಾರಗಳಲ್ಲಿ ಪೂರ್ತಿ. ಸೊಪ್ಪನ್ನು ನೆಲದಲ್ಲಿ ಹಾಕಬಾರದು, ಕಟ್ಟಿ ತೂಗಬೇಕು. ಆಡು ಸ್ವಭಾವತಃ ಕತ್ತೆತ್ತಿ ಮೇಯುವ ಪ್ರಾಣಿ. ಹೊಟ್ಟೆಯ ಹುಳದ ಮರಿಗಳು ಇರುವುದು ಒದ್ದೆ ಹುಲ್ಲಿನ ಬುಡದಲ್ಲಿ. ಎತ್ತರದ ಸೊಪ್ಪು ತಿನ್ನುವ ಆಡಿಗೆ ಅವುಗಳ ಕಾಟ ಕಡಿಮೆ. ಮಂಕಾದ ಆಡಿನ ನಾಲ್ಕು ಹಿಕ್ಕೆಗಳನ್ನು ಬಾಳೆಲೆಯಲ್ಲಿ ಕಟ್ಟಿ ಮೃಗಾಸ್ಪತ್ರೆಗೆ ಒಯ್ದರೆ ಪರೀಕ್ಷಿಸಿ ತಕ್ಕ ಮದ್ದು ಕೊಡುತ್ತಾರೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ಆಡಿನ ದೊಡ್ಡ ಶತ್ರು ತೇವ. ಆದುದರಿಂದ ಗೂಡನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟಬೇಕು. ಅಡಕೆಮರದ ಸಲಾಕೆಗಳನ್ನು ನಡುವೆ ಬೆರಳಗಲದಷ್ಟು ಸಂದು ಬಿಟ್ಟು ಹಾಸಿದರೆ ಹಿಕ್ಕೆಯೂ ಮೂತ್ರವೂ ಕೆಳಗಿಳಿದು ನೆಲ ಒಣಗಿರುತ್ತದೆ. ಸಂದು ಹೆಚ್ಚಾದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ. ಆಡೊಂದಕ್ಕೆ ಹತ್ತು ಚದರ ಅಡಿ ಸಾಕು. ಕೆಳಗೆ ಬಿದ್ದ ಹಿಕ್ಕೆ ಅಡಕೆ ಗಿಡಕ್ಕೂ ಮಲ್ಲಿಗೆಗೂ ಉತ್ತಮ ಗೊಬ್ಬರ.

ತಳಿಯ ಮಾತನ್ನು ಉದ್ದಮಾಡುವುದಿಲ್ಲ. ಉದ್ದ ಕಿವಿಯ ಉತ್ತರದ ಆಡುಗಳನ್ನು ಕಂಡು ಮರುಳಾಗುವವರಿದ್ದಾರೆ. ನಮ್ಮ ಹವೆಗೆ ಮಲಬಾರಿ ಆಡೇ ಲೇಸು. ತಲಶ್ಶೇರಿ, ವಡಗರ ಕಡೆಯ ಈ ತಳಿಗೆ ಒಂದೇ ಬಣ್ಣವೆಂಬುದಿಲ್ಲ. ಅವಳಿ ಮರಿ ಸಾಮಾನ್ಯ. ಒಳ್ಳೆಯ ಆಡು ದಿನಕ್ಕೆ ಒಂದು ಲೀಟರಿನ ಆಸುಪಾಸು ಹಾಲು ಕೊಡುತ್ತದೆ. ಒಂಟಿ ಆಡು ಕೂಗಿ ಸೊರಗುವುದರಿಂದ ಎರಡನ್ನು ಸಾಕುವುದು ಮೇಲು.

ಮರಿ ಹುಟ್ಟಿದೊಡನೆ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ‘ಗಿಣ್ಣು ದಪ್ಪ, ಮರಿಗೆ ಆಗದು’ ಎಂದು ಹಿಂಡಿ ಚೆಲ್ಲುವ ಮನೆಗಳನ್ನು ಈಗಲೂ ಕಾಣುತ್ತೇವೆ. ರೋಗವನ್ನು ತಡೆಯುವ ಶಕ್ತಿ ಮರಿಗೆ ತಾಯಿಯ ರಕ್ತದಿಂದ ಬರುವುದಿಲ್ಲ, ಗಿಣ್ಣಿನಿಂದಲೇ ಬರತಕ್ಕದ್ದು; ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳಲಾರದು. ಎರಡು ಕಿಲೋ ತೂಕದ ಮರಿಗೆ ಮೊದಲ ದಿನ ಸುಮಾರು 200 ಮಿಲಿಲೀಟರ್, ನಾಲ್ಕಾರು ಸಲ ಹಂಚಿ. ಭಾರತದಲ್ಲಿ 1987ರಲ್ಲಿ ಮೊದಲು ಕಾಣಿಸಿಕೊಂಡ ಪಿ.ಪಿ.ಆರ್. ಎಂಬ ಮಾರಕ ರೋಗಕ್ಕೆ ನಾಲ್ಕು ತಿಂಗಳ ಪ್ರಾಯದಲ್ಲಿ ಚುಚ್ಚುಮದ್ದು ಹಾಕಿಸಬೇಕು. ಅದರ ರಕ್ಷಣೆ ಸುಮಾರು ಮೂರು ವರ್ಷ.

ಹಾಲನ್ನು ಕುದಿಸಿಯೇ ಕುಡಿಯಬೇಕು. ವಾಸನೆಯೆಂದು ಮೂಗು ಮುರಿಯುವವರು ಹೋತವನ್ನು ದೂರ ಕಟ್ಟಿ ಪಾತ್ರೆಯನ್ನು ಶುಚಿಯಾಗಿಟ್ಟು ನೋಡಲಿ. ಹಾಲನ್ನೇ ತ್ಯಜಿಸಿದ್ದ ಗಾಂಧೀಜಿಯವರು 1919ರಲ್ಲಿ ಕಾಯಿಲೆಯಿಂದ ಬಳಲುತ್ತಿದ್ದಾಗ ಕಸ್ತೂರಬಾ ಅವರ ಸೂಚನೆಯಂತೆ ಸ್ವೀಕರಿಸಿದುದು ಆಡಿನ ಹಾಲನ್ನೇ. ಆದರೆ ಒಂದು ವರ್ಷ ತುಂಬದ ಶಿಶುವಿಗೆ ತಾಯಿಹಾಲಿನ ಬದಲಾಗಿ ಇದನ್ನು ಕೊಡಬಾರದು. ರಕ್ತವೃದ್ಧಿಗೆ ಬೇಕಾದ ಫೋಲೇಟ್ ಎಂಬ ಜೀವಸತ್ವ ಇದರಲ್ಲಿ ಬಹಳ ಕಡಿಮೆ.

ಕೊನೆಗೆ ಒಂದು ಲೆಕ್ಕ. ಬೆದೆಗೆ ಬಂದ ಆಡನ್ನು ಹೋತಕ್ಕೆ ಕೂಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, 150 ದಿನ ಎಣಿಸಿದರೆ ಈಯುವ ದಿನ ಹೆಚ್ಚು ಕಡಿಮೆ ಸಿಗುತ್ತದೆ. ಅದಕ್ಕಿಂತ ಎರಡು ತಿಂಗಳು ಮೊದಲೇ ಕರೆಯುವುದನ್ನು ನಿಲ್ಲಿಸಬೇಕು. ನಾವು ಮೇಲೆ ಹೇಳಿದ ಬಾಲಿಕೆಯ ಮನೆಗೆ ಬೇಸಗೆಯಲ್ಲಿ ಹೊಸ ಆಡು ಬಂತು; ಅರ್ಧ ಹಣವನ್ನು ಕೊಡುವ ಹೊಣೆ ನಮ್ಮದೆಂದು ನಾವು ಹಟಹಿಡಿದೆವು. ಜೂನ್ 10ಕ್ಕೆ ಅವಳೇ ಗುರುತು ಹಾಕಿ, ನವೆಂಬರ್ 7 ಎಂದು ಲೆಕ್ಕಮಾಡಿ ನಮಗೆ ತೋರಿಸಿದಳು. ಆಡು ಈದದ್ದು 5ರಂದು ರಾತ್ರಿ, ಎರಡು ಹೆಣ್ಣುಮರಿ. ಮರುದಿನ ಅವಳು ಶಾಲೆಗೆ ಒಂದು ಗಂಟೆ ತಡವಾಗಿ ಬಂದಳು; ನಾವು ಕಾರಣ ಕೇಳಲಿಲ್ಲ.